ತೊಂಬತ್ತು ಕುದುರೆಯ ಎಂಜಿನ್ನು

ಅಕ್ಕನ ಎರಡೂ ಮೂತ್ರಪಿಂಡಗಳು ಕೈಕೊಟ್ಟ ಮೇಲೆ ದೋಣಿಯವನ ಪಾಲಿಗೆ ವಾರದಲ್ಲಿ ಮೂರೇ ದಿನ ಉಳಿದವು: ಸೋಮವಾರ, ಬುಧವಾರ, ಶುಕ್ರವಾರ. ಮಿಕ್ಕ ದಿನಗಳು ಆ ಮೂರರ ಆಯಾಸ ಇಳಿಸಿಕೊಳ್ಳುವುದರಲ್ಲೇ ಕಳೆದುಹೋಗುತ್ತಿದ್ದವು. ಬೆಳಿಗ್ಗೆ ಆರೂವರೆಗೆ ಅಕ್ಕನನ್ನು ಸ್ಪೀಡ್ ಬೋಟಿನಲ್ಲಿ ಕೂರಿಸಿಕೊಂಡು ಹೊರಟರೆ, ಹಿನ್ನೀರು ದಾಟಿ ಎದುರು ದಡದ ಪೇಟೆ ಮುಟ್ಟುವಷ್ಟರಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ. ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಡಯಾಲಿಸಿಸ್. ಮತ್ತೆ ಅಷ್ಟೇ ದೂರ ವಾಪಸ್ಸು. ರಸ್ತೆಯೂ ಇತ್ತು, ಆದರೆ ಅದು ನೀರನ್ನೆಲ್ಲ ಸುತ್ತು ಹಾಕಿ ನಾಲ್ಕು ಗಂಟೆ ಕುಲುಕುವ ರಸ್ತೆ. ಪೇಟೆಯಲ್ಲೇ ಒಂದು ಕೋಣೆ ಹಿಡಿದು ಅಕ್ಕ ನಲವತ್ತು ದಿನ ಇದ್ದೂ ನೋಡಿದ್ದಳು. ಆ ಕೋಣೆಯ ಕಿಟಕಿ ತೆಗೆದರೆ ಕೈಗೆಟುಕುವಷ್ಟು ಹತ್ತಿರದಲ್ಲಿ ಪಕ್ಕದ ಕಟ್ಟಡದ ಗೋಡೆ. "ಅಲ್ಲಿ ಕಾಯಿಲೆ ಬೀಳೋದು ಬಿಟ್ಟರೆ ಬೇರೆ ಕೆಲಸವೇ ಇಲ್ಲ ಕಣೋ" ಎಂದು ಗಂಟು ಕಟ್ಟಿಕೊಂಡು ಬಂದುಬಿಟ್ಟಿದ್ದಳು.

ಅವಳು ಅವನಿಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ತಾಯಿ ತೀರಿಕೊಂಡಾಗ ಅವನಿಗೆ ಆರು. ಅಂದಿನಿಂದ ಅವನಿಗೆ ತಲೆ ಬಾಚಿದವಳು, ಶಾಲೆಗೆ ಅಟ್ಟಿದವಳು, ಹೆಣ್ಣು ನೋಡಿ ಮದುವೆ ಮಾಡಿದವಳು ಎಲ್ಲ ಅವಳೇ. ತಾನು ಮಾತ್ರ ಮದುವೆಯ ಮಾತು ಎತ್ತಿದವರ ಎದುರು ನಕ್ಕು ಎದ್ದು ಹೋಗುತ್ತಿದ್ದಳು. ಈ ದಡಕ್ಕೂ ಆ ದಡಕ್ಕೂ ಲಾಂಚು ಓಡುತ್ತಿದ್ದ ಕಾಲದಲ್ಲಿ ಇಪ್ಪತ್ತೆಂಟು ವರ್ಷ ಅದರ ಟಿಕೆಟ್ ಕೌಂಟರಿನಲ್ಲಿ ಕೂತವಳು. ಲಾಂಚು ನಿಂತು ಆರು ವರ್ಷವಾದರೂ ದಡದ ಜನ ಅವಳನ್ನು ಟಿಕೆಟ್ ಅಕ್ಕ ಎಂದೇ ಕರೆಯುತ್ತಿದ್ದರು. ತಮ್ಮನನ್ನು ಅವಳು ಕರೆಯುತ್ತಿದ್ದುದು ಗಡಿಬಿಡಿ ಎಂದು. ಅವನು ಏಳು ತಿಂಗಳಿಗೇ ಹುಟ್ಟಿದವನು. ಅವತ್ತಿನಿಂದ ಯಾವುದಕ್ಕೂ ಕಾದವನಲ್ಲ ಎಂಬುದು ಅವಳ ದೂರು.

ದೋಣಿಗೆ ಹದಿನೆಂಟು ವರ್ಷವಾಗಿತ್ತು. ಹದಿನಾರಡಿ ಉದ್ದದ ಫೈಬರ್ ದೋಣಿ, ಹಿಂದೆ ನಲವತ್ತು ಕುದುರೆಶಕ್ತಿಯ ಎಂಜಿನ್ನು. ರಜೆಯಲ್ಲಿ ನೀರು ನೋಡಲು ಬರುವವರನ್ನು ಕೂರಿಸಿಕೊಂಡು ನಡುಗಡ್ಡೆಯವರೆಗೆ ಒಂದು ಸುತ್ತು ಹೊಡೆಸುವುದು ಅವನ ಕಸುಬು. ಅದಕ್ಕೆ ಆ ಎಂಜಿನ್ನು ಸಾಕಾಗಿ ಮಿಗುತ್ತಿತ್ತು.

ಒಂದು ಶುಕ್ರವಾರ ವಾಪಸ್ಸು ಬರುವಾಗ ಗಾಳಿ ಎದ್ದಿತು. ಒಮ್ಮೊಮ್ಮೆ ಜೊತೆಗೆ ಬರುತ್ತಿದ್ದ ಹೆಂಡತಿಗೆ ಜ್ವರವಿದ್ದುದರಿಂದ ಅವತ್ತು ದೋಣಿಯಲ್ಲಿ ಅಕ್ಕ ತಮ್ಮ ಇಬ್ಬರೇ. ಎದುರುಗಾಳಿಗೆ ಎಂಜಿನ್ನು ಉಸಿರು ಕಟ್ಟಿದಂತೆ ಒದ್ದಾಡಿತು. ಎಷ್ಟು ಹೊತ್ತು ಓಡಿಸಿದರೂ ದಡ ಇದ್ದಲ್ಲೇ ಇತ್ತು. ಡಯಾಲಿಸಿಸ್ ಮುಗಿಸಿ ಬಂದ ದಿನ ಅಕ್ಕನ ರಕ್ತದೊತ್ತಡ ಮೊದಲೇ ಕುಸಿದಿರುತ್ತಿತ್ತು. ನಡುನೀರಿನಲ್ಲಿ ಅವಳ ತಲೆ ಎದೆಯ ಮೇಲೆ ವಾಲಿತು. ಅವನು ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಅವಳ ಕೆನ್ನೆ ತಟ್ಟಿದ, ಮುಖಕ್ಕೆ ನೀರು ಚಿಮುಕಿಸಿದ, ಯಾರಿಗೂ ಕೇಳಿಸದ ಜಾಗದಲ್ಲಿ ಅಕ್ಕಾ ಅಕ್ಕಾ ಎಂದು ಕೂಗಿದ. ಎಷ್ಟೋ ಹೊತ್ತಿಗೆ ಅವಳು ಕಣ್ಣು ಬಿಟ್ಟಳು.

"ಬಂತಾ?"

"ಇನ್ನೂ ಅರ್ಧ ದಾರಿ ಇದೆ."

"ಹಾಗಾದ್ರೆ ಯಾಕೆ ಎಬ್ಬಿಸಿದೆ?" ಎಂದು ಮತ್ತೆ ಕಣ್ಣು ಮುಚ್ಚಿದಳು.

ಆ ದಿನ ಮನೆ ಮುಟ್ಟಲು ಎರಡೂಕಾಲು ಗಂಟೆ ಹಿಡಿಯಿತು. ಅಂದಿನಿಂದ ಅವನ ತಲೆಯಲ್ಲಿ ಎಂಜಿನ್ನು ಹೊಕ್ಕಿತು. ಊಟಕ್ಕೆ ಕೂತರೂ ಅದೇ, ಮಲಗಿದರೂ ಅದೇ. ದಾರಿ ಉದ್ದವಾಗಿದ್ದೇ ಅಕ್ಕನನ್ನು ತಿನ್ನುತ್ತಿದೆ, ದಾರಿಯನ್ನು ಅರ್ಧ ಮಾಡಿದರೆ ಅವಳ ಕಷ್ಟವೂ ಅರ್ಧವಾಗುತ್ತದೆ ಎಂದು ಅವನಿಗೆ ಖಾತ್ರಿಯಾಗಿಹೋಯಿತು. ಕಾಯಿಲೆಯ ಮೇಲೆ ಅವನ ಕೈ ಸಾಗುತ್ತಿರಲಿಲ್ಲ. ದೋಣಿಯ ಮೇಲಾದರೆ ಸಾಗುತ್ತಿತ್ತು.

ದಡದುದ್ದಕ್ಕೂ ಒಂದು ಮೈಲಿ ನಡೆದರೆ ಫೈಬರ್ ಮೇಸ್ತ್ರಿಯ ಶೆಡ್ಡು. ಎಪ್ಪತ್ತು ದಾಟಿದ ಮನುಷ್ಯ. ಆ ನೀರಿನ ಮೇಲಿನ ಅರ್ಧದಷ್ಟು ದೋಣಿಗಳು ಅವನ ಕೈಯಲ್ಲಿ ತೇಪೆ ಹಾಕಿಸಿಕೊಂಡಂಥವು. ಬಂಡೆಗೆ ಬಡಿದು ಒಡೆದುಹೋದ ಒಂದು ಕಾವಲು ದೋಣಿಯ ಎಂಜಿನ್ನು ಅವನ ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ತೊಂಬತ್ತು ಕುದುರೆಶಕ್ತಿಯದು, ಹೆಚ್ಚು ಓಡಿರಲಿಲ್ಲ. ಅದರ ಮೇಲೆ ಕಣ್ಣಿಟ್ಟೇ ದೋಣಿಯವನು ತನ್ನ ದೋಣಿಯನ್ನು ಅಲ್ಲಿಗೆ ತಂದ.

ಮೇಸ್ತ್ರಿ ಮರದ ಸುತ್ತಿಗೆ ತೆಗೆದುಕೊಂಡು ದೋಣಿಯ ಹಿಂಬದಿಯ ಗೋಡೆಯನ್ನು, ಎಂಜಿನ್ನು ಕಚ್ಚಿಕೊಂಡು ಕೂರುವ ಜಾಗವನ್ನು, ಗೇಣು ಗೇಣಿಗೂ ತಟ್ಟುತ್ತ ಹೋದ. ಅಂಚಿನಲ್ಲಿ ಟಣ್ ಟಣ್ ಎಂದದ್ದು ನಡುವಿಗೆ ಬಂದಾಗ ಒದ್ದೆ ದಿಂಬು ಬಡಿದಂತೆ ಸದ್ದು ಮಾಡಿತು.

"ಕೇಳಿಸ್ತಾ? ಮೇಲೆ ಫೈಬರ್ ಚೆನ್ನಾಗಿದೆ. ಒಳಗಿನ ಪ್ಲೈವುಡ್ ನೀರು ಕುಡಿದು ಕೂತಿದೆ. ಇದಕ್ಕೆ ತೊಂಬತ್ತು ಕಟ್ಟಿದ್ರೆ ಎಂಜಿನ್ ಒಂದು ಕಡೆ ಹೋಗುತ್ತೆ, ನೀನು ಒಂದು ಕಡೆ ಹೋಗ್ತೀಯ."

"ಹಲಗೆ ಹೊಸದು ಹಾಕಿ ಕೊಡಿ ಮೇಸ್ತ್ರಿ."

"ಹಾಕಬಹುದು. ಮೂರು ವಾರದ ಕೆಲಸ. ಆದ್ರೆ ಈ ಎಂಜಿನ್ನಿನ ನೀರಿಗಿಳಿಯೋ ಕಾಲು ಉದ್ದ. ಹಲಗೆ ಇನ್ನೂ ಐದಿಂಚು ಎತ್ತರಿಸಬೇಕು. ಎತ್ತರಿಸಿದ ಮೇಲೆ ನಿನ್ನ ಹಳೇ ಎಂಜಿನ್ ಕೂರಿಸಿದ್ರೆ ಅದರ ಫ್ಯಾನು ನೀರಿಗೇ ಮುಟ್ಟಲ್ಲ. ಹಿಂದಕ್ಕೆ ಬರೋ ದಾರಿ ಇರಲ್ಲ, ತಿಳ್ಕೋ."

"ಹಿಂದಕ್ಕೆ ಯಾಕೆ ಬರಲಿ?"

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟ. "ಇನ್ನೊಂದು ಮಾತು. ಇದರ ತಳ ಚಪ್ಪಟೆ. ಸಣ್ಣ ಎಂಜಿನ್ನಿಗೆ ಅಂತಲೇ ಮಾಡಿದ್ದು. ಜೋರು ಓಡಿಸಿದಷ್ಟೂ ನೀರಿಗೆ ಬಡಿಯುತ್ತೆ. ಗಟ್ಟಿಮುಟ್ಟಾದವರ ಬೆನ್ನೇ ಬಿಟ್ಟುಕೊಳ್ಳುತ್ತೆ. ಟಿಕೆಟ್ ಅಕ್ಕಂಗೆ ಅಂತ ಮಾಡಿಸ್ತಾ ಇದ್ದೀಯಲ್ಲ, ಅವರನ್ನ ಕೇಳಿದ್ಯಾ?"

"ಕೇಳ್ತೀನಿ" ಎಂದ ದೋಣಿಯವನು. ಆದರೆ ಅವನ ಕಿವಿಗೆ ಬಿದ್ದದ್ದು ಹಾಕಬಹುದು ಎಂಬ ಒಂದೇ ಮಾತು.

ಮನೆಗೆ ಬಂದು ಕೇಳಿದ್ದೇನೋ ನಿಜ. ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೆಂಡತಿಗೆ ಬೆಳ್ಳುಳ್ಳಿ ಬಿಡಿಸಿಕೊಡುತ್ತಿದ್ದಳು. ತಮ್ಮನನ್ನು ಕಂಡವಳೇ, "ಬಾ ಕೂತ್ಕೋ. ನಿನ್ನ ಹತ್ರ ಒಂದು ಮಾತು ಆಡಬೇಕಿತ್ತು" ಎಂದಳು. ಹೆಂಡತಿ ಒಲೆಯ ಕಡೆ ತಿರುಗಿಕೊಂಡಳು. ಅವನು ಕೂರಲೂ ಇಲ್ಲ. ಜೇಬಿನಿಂದ ಚೀಟಿ ತೆಗೆದು, ಮೇಸ್ತ್ರಿ ಗೀಚಿಕೊಟ್ಟ ಚಿತ್ರವನ್ನು ಅವಳ ಮೊಣಕಾಲ ಮೇಲೆ ಹರಡಿ, ಹಲಗೆ, ಅಳತೆ, ವೇಗ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ.

"ತೊಂಬತ್ತು ಕುದುರೆನಾ? ಹುಲ್ಲು ಯಾರು ಹಾಕ್ತಾರೋ?" ಎಂದು ಅಕ್ಕ ನಕ್ಕಳು.

"ತಮಾಷೆ ಬೇಡ ಅಕ್ಕ. ಹಾಕಿಸ್ಲೋ ಬೇಡ್ವೋ ನೀನೇ ಹೇಳು."

ಅವಳು ಅವನ ಮುಖವನ್ನು ತುಂಬ ಹೊತ್ತು ನೋಡಿದಳು. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಕಳೆ ಬಂದಿತ್ತು. "ಹಾಕಿಸು" ಎಂದಳು.

"ನೀನು ಏನೋ ಹೇಳಬೇಕು ಅಂದ್ಯಲ್ಲ?"

"ಏನಿಲ್ಲ. ಇನ್ನೊಂದು ದಿನ ಹೇಳಿದರಾಯ್ತು."

ಕೆಲಸ ನಡೆದ ಮೂರು ವಾರ ಅವರು ಹೋಗಿ ಬಂದದ್ದು ಪಕ್ಕದ ಮೀನುಗಾರನ ಮರದ ದೋಣಿಯಲ್ಲಿ. ದುಂಡು ತಳದ ಭಾರದ ದೋಣಿ. ಒಂದು ಸಲ ದಾಟಲು ಎರಡು ಗಂಟೆ. ಅಕ್ಕ ಬಲೆಗಳ ರಾಶಿಯ ಮೇಲೆ ಕಂಬಳಿ ಹಾಸಿಕೊಂಡು ಮಲಗುತ್ತಿದ್ದಳು, ದಾರಿಯುದ್ದಕ್ಕೂ ನಿದ್ದೆ ಮಾಡುತ್ತಿದ್ದಳು. ದೋಣಿಯವನು ಮಾತ್ರ ಗಡಿಯಾರ ನೋಡಿಕೊಂಡು ಚಡಪಡಿಸುತ್ತಿದ್ದ. "ಇನ್ನೆರಡು ವಾರ ಅಕ್ಕ, ಇನ್ನೊಂದು ವಾರ ಅಕ್ಕ" ಎನ್ನುತ್ತಿದ್ದ. ಸಂಜೆಯೆಲ್ಲ ಮೇಸ್ತ್ರಿಯ ಶೆಡ್ಡಿನಲ್ಲೇ ಇದ್ದು, ಕೊಳೆತ ಪ್ಲೈವುಡ್ಡನ್ನು ಉಳಿಯಿಂದ ಕೆರೆದು ತೆಗೆದ, ರಾಳ ಕಲಸಿದ, ಉಪ್ಪುಕಾಗದ ಉಜ್ಜಿ ಬೆರಳ ತುದಿ ಸವೆಸಿಕೊಂಡ. ತನ್ನ ಹಳೆಯ ಎಂಜಿನ್ನನ್ನು ಮೇಸ್ತ್ರಿಗೇ ಬಿಟ್ಟುಕೊಟ್ಟ.

ಹೊಸ ಎಂಜಿನ್ನಿನಲ್ಲಿ ಮೊದಲ ಸಲ ದಾಟಿದ ಸೋಮವಾರ ನೀರು ಕನ್ನಡಿಯಂತಿತ್ತು. ದೋಣಿ ಮೂತಿ ಎತ್ತಿ, ಒಂದು ಸಲ ಮೈ ಕೊಡವಿ, ನೀರಿನ ಮೇಲೆ ಮಲಗಿ ಓಡತೊಡಗಿತು. ಮೂವತ್ತೈದು ನಿಮಿಷ. ಆಸ್ಪತ್ರೆಯ ಬಾಗಿಲು ತೆಗೆಯುವ ಮೊದಲೇ ಅವರು ಮೆಟ್ಟಿಲ ಮೇಲಿದ್ದರು.

"ಹೇಗಿತ್ತು ಅಕ್ಕ?"

"ಜೋರಾಗಿತ್ತು."

"ಸುಸ್ತಾಯ್ತಾ?"

"ಸುಸ್ತಾಗೋಕೆ ಟೈಮೇ ಕೊಡಲಿಲ್ವಲ್ಲೋ ನೀನು."

ಅವನು ನಗುತ್ತ ಚಹಾ ಕುಡಿಯಲು ಹೋದ. ಅವತ್ತು ಕಂಡಕಂಡವರಿಗೆಲ್ಲ ಮೂವತ್ತೈದು ನಿಮಿಷದ ಸುದ್ದಿ ಹೇಳಿದ, ಕೇಳದವರಿಗೂ ಹೇಳಿದ.

ನೀರು ಎಲ್ಲ ದಿನವೂ ಕನ್ನಡಿಯಂತಿರುವುದಿಲ್ಲ. ಸಣ್ಣ ಅಲೆಯಿದ್ದರೂ ಸಾಕು, ದೋಣಿ ಎದ್ದು ಬಿದ್ದು ತಳ ಬಡಿಯುತ್ತಿತ್ತು, ಕಲ್ಲಿನ ಮೇಲೆ ಕಲ್ಲು ಹಾಕಿದಂತೆ. ಮುಂದೆ ನಿಂತು ಓಡಿಸುವವನ ಮೊಣಕಾಲು ಆ ಪೆಟ್ಟನ್ನು ನುಂಗಿಕೊಳ್ಳುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತವಳಿಗೆ ನುಂಗಿಕೊಳ್ಳಲು ಏನೂ ಇರಲಿಲ್ಲ. ಅಕ್ಕ ಕಂಬಿ ಹಿಡಿದು ಕೂತಿರುತ್ತಿದ್ದಳು. ಅವನು ಹಿಂದಿರುಗಿ ನೋಡಿದಾಗೆಲ್ಲ ತಲೆಯಾಡಿಸುತ್ತಿದ್ದಳು. ಸರಿಯಾಗಿದ್ದೇನೆ, ಮುಂದೆ ನೋಡು, ಎಂದು ಅದರ ಅರ್ಥ.

ನಾಲ್ಕನೆಯ ವಾರ ಡಯಾಲಿಸಿಸ್ ವಿಭಾಗದ ನರ್ಸು ಅವನನ್ನು ಒಳಗೆ ಕರೆದಳು. ಪರದೆಯ ಹಿಂದೆ ಅಕ್ಕ ಮಗ್ಗುಲಾಗಿ ಮಲಗಿದ್ದಳು. ನರ್ಸು ಹೊದಿಕೆಯನ್ನು ಒಂದಿಷ್ಟೇ ಸರಿಸಿ ತೋರಿಸಿದಳು. ಸೊಂಟದಿಂದ ಬೆನ್ನಿನವರೆಗೆ ಚರ್ಮ ನೇರಳೆಗಟ್ಟಿತ್ತು. ಹಳೆಯ ಕಲೆ ಹಳದಿಗೆ ತಿರುಗುವ ಮೊದಲೇ ಅದರ ಮೇಲೆ ಹೊಸದು ಬಿದ್ದಿತ್ತು. ಎಡಗೈಯಲ್ಲಿ ಸೂಜಿ ಚುಚ್ಚುವ ರಕ್ತನಾಳದ ಸುತ್ತ ಊತ.

"ಇವರಿಗೆ ರಕ್ತ ಹೆಪ್ಪುಗಟ್ಟದ ಹಾಗೆ ಔಷಧಿ ಕೊಡ್ತೀವಿ ಅಣ್ಣ. ಸಣ್ಣ ಪೆಟ್ಟಾದ್ರೂ ಹೀಗಾಗುತ್ತೆ. ಈ ಕೈಯಲ್ಲಂತೂ ಏನನ್ನೂ ಬಿಗಿಯಾಗಿ ಹಿಡಿಯಬಾರದು ಅಂತ ಎಷ್ಟು ಸಲ ಹೇಳಿದ್ದೀನಿ. ಮನೇಲಿ ಎಲ್ಲಾದ್ರೂ ಬಿದ್ರಾ?"

"ಇಲ್ಲ ಸಿಸ್ಟರ್" ಎಂದ. ಅಕ್ಕ ಗೋಡೆಯ ಕಡೆಗೇ ಮುಖ ಮಾಡಿಕೊಂಡಿದ್ದಳು.

ಮನೆಗೆ ಬಂದವನು ಹೆಂಡತಿಯನ್ನು ಹಿತ್ತಲಿಗೆ ಕರೆದ. "ನಿನಗೆ ಗೊತ್ತಿತ್ತಾ?"

"ದಿನಾ ಎಣ್ಣೆ ಹಚ್ಚೋಳು ನಾನೇ ಅಲ್ವೇನ್ರೀ."

"ಮತ್ತೆ ಹೇಳಬಾರದಿತ್ತಾ?"

"ಅತ್ತಿಗೆ ಆಣೆ ಹಾಕಿಸಿದ್ರು." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಅವನು ಖುಷಿಯಾಗಿದ್ದಾನೆ, ನೀನು ಬಾಯಿ ಬಿಡಬೇಡ ಅಂದ್ರು."

ಅವನು ದಪ್ಪ ಫೋಮಿನ ಹಾಸಿಗೆ ತಂದು ಸೀಟಿಗೆ ಕಟ್ಟಿದ. ನಿಧಾನ ಓಡಿಸಿ ನೋಡಿದ. ಆದರೆ ಹಳೆಯ ಎಂಜಿನ್ನಿನಲ್ಲಿದ್ದ ಆ ನಡುವಿನ ನಡಿಗೆಯೇ ದೋಣಿಗೆ ಮರೆತುಹೋಗಿತ್ತು. ಹಿಂದಿನ ಭಾರಕ್ಕೆ ಬಾಲ ಮುಳುಗಿ ಮೂತಿ ಆಕಾಶ ನೋಡುತ್ತಿತ್ತು, ಅಕ್ಕ ಸೀಟಿನಿಂದ ಜಾರುತ್ತಿದ್ದಳು, ಅವನಿಗೆ ಮುಂದಿನ ನೀರೇ ಕಾಣುತ್ತಿರಲಿಲ್ಲ. ಒಂದೋ ಹಾರಬೇಕು, ಇಲ್ಲವೇ ತೆವಳಬೇಕು. ಅವನು ತೆವಳಿಸಿದ. ತೊಂಬತ್ತು ಕುದುರೆಗಳನ್ನು ಕಟ್ಟಿಕೊಂಡು ಎರಡೂವರೆ ಗಂಟೆಯಲ್ಲಿ ದಾಟಿದ. ಪಕ್ಕದ ಮೀನುಗಾರ ತನ್ನ ಮರದ ದೋಣಿಯಲ್ಲಿ ಅವರನ್ನು ಹಿಂದೆ ಹಾಕಿ ಹೋಗುತ್ತ ಕೈಯೆತ್ತಿದ. ಪಾಪ, ಅವನಿಗೇನೂ ಕೆಟ್ಟ ಉದ್ದೇಶವಿರಲಿಲ್ಲ. ದೋಣಿಯವನು ಕೈಯೆತ್ತಲಿಲ್ಲ.

ಮಾರನೆಯ ದಿನ ಮೇಸ್ತ್ರಿಯ ಬಳಿಗೆ ಓಡಿದ. ಹಲಗೆಯನ್ನು ಮತ್ತೆ ತಗ್ಗಿಸಿ ಹಳೆಯದನ್ನೇ ಕೂರಿಸಿಕೊಡಿ ಎಂದ. ಮೇಸ್ತ್ರಿ ಬಯ್ಯಲಿಲ್ಲ, ನಾನು ಹೇಳಿರಲಿಲ್ಲವೇ ಎನ್ನಲೂ ಇಲ್ಲ. "ಸೋಮವಾರ ತಂದು ಬಿಡು" ಎಂದಷ್ಟೇ ಹೇಳಿದ.

ಆ ಸೋಮವಾರ ಆರು ಗಂಟೆಗೆ ದೋಣಿಯವನು ದಡದಿಂದ ಬಂದಾಗ, ಆಸ್ಪತ್ರೆಗೆ ಒಯ್ಯುವ ಅಕ್ಕನ ಚೀಲ ಬಾಗಿಲ ಬಳಿ ಇರಲಿಲ್ಲ. ಅಕ್ಕ ತಲೆ ಬಾಚಿಕೊಂಡು ಜಗಲಿಯ ಮೇಲೆ ಕೂತಿದ್ದಳು.

"ಹೊತ್ತಾಯ್ತು ಅಕ್ಕ. ಮೀನಿನವನಿಗೆ ಹೇಳಿದ್ದೀನಿ, ಇವತ್ತಿಂದ ಅವನ ದೋಣಿಲೇ ಹೋಗೋಣ."

"ನಾನು ಬರಲ್ಲ ಕಣೋ."

"ಇವತ್ತು ಮೈ ಸರಿ ಇಲ್ವಾ? ನಾಳೆ ಕೇಳ್ಕೊಂಡು..."

"ನಾಳೆನೂ ಬರಲ್ಲ. ಡಾಕ್ಟರಿಗೆ ಶುಕ್ರವಾರವೇ ಹೇಳಿ ಬಂದೆ. ಅವರೂ ಬಿಡಿಸಿ ಹೇಳಿದ್ರು, ಏನೇನಾಗುತ್ತೆ, ಎಷ್ಟು ದಿನ ಆಗುತ್ತೆ ಅಂತ."

ಅವನು ಅವಳ ಕಾಲ ಬಳಿ ಮೆಟ್ಟಿಲ ಮೇಲೆ ಕುಸಿದು ಕೂತ. "ತಪ್ಪು ನಂದೇ ಅಕ್ಕ. ಆ ದರಿದ್ರ ಎಂಜಿನ್ನು ಕಿತ್ತು ಬಿಸಾಕ್ತೀನಿ. ಮೂರು ವಾರ ಕೊಡು. ಮೊದಲಿನ ಹಾಗೇ ಕರ್ಕೊಂಡು ಹೋಗ್ತೀನಿ."

"ಎಂಜಿನ್ ಅಲ್ವೋ. ನಿನಗೆ ಅರ್ಥ ಆಗಲ್ವಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬಳಲಿಕೆ ಮಾತ್ರ ಇತ್ತು. "ನನಗೆ ಸಾಕಾಗಿ ಎಷ್ಟು ಕಾಲವಾಯ್ತು. ಅವತ್ತು ಬೆಳ್ಳುಳ್ಳಿ ಬಿಡಿಸ್ತಾ ಕೂತಿದ್ದಾಗ ಹೇಳೋಣ ಅಂತಲೇ ಇದ್ದೆ. ನೀನು ಚೀಟಿ ಹಿಡ್ಕೊಂಡು ಬಂದೆ. ಚಿಕ್ಕವನಿದ್ದಾಗ ಬಹುಮಾನ ತಂದ ದಿನ ಇರ್ತಿತ್ತಲ್ಲ ನಿನ್ನ ಮುಖ, ಹಾಗಿತ್ತು. ಹೇಗೋ ಹೇಳಲಿ?"

"ಅಂದ್ರೆ ಇಷ್ಟು ದಿನ..."

"ಇಷ್ಟು ದಿನ ಬಂದೆ. ನೀನು ಅಷ್ಟು ಕಷ್ಟಪಟ್ಟು ಮಾಡಿದ್ದಲ್ವಾ."

ಅವನು ಬೆರಳು ಮಡಚಿ ವಾರಗಳನ್ನು ಎಣಿಸಿದ. ಮೂರು ವಾರ ರಾಳ ಕಲಸಿ ತಾನು ಅವಳಿಗೆ ಮಾಡಿಕೊಟ್ಟದ್ದು ಇನ್ನೆರಡು ತಿಂಗಳ ನೋವು. ಅದನ್ನು ಅವಳು ಬೇಡವೆನ್ನದೆ ಅನುಭವಿಸಿದ್ದಳು, ಅವನು ಬಡಿಸಿದ ಅನ್ನವನ್ನು ಹಸಿವಿಲ್ಲದಿದ್ದರೂ ಉಂಡಂತೆ. ಅತ್ತು ನೋಡಿದ, ಜಗಳವಾಡಿ ನೋಡಿದ, ಊಟ ಬಿಟ್ಟ. ಬುಧವಾರವೂ ಹೋಯಿತು, ಶುಕ್ರವಾರವೂ ಹೋಯಿತು. ಅಕ್ಕ ಜಗಲಿಯಿಂದ ಮಂಚಕ್ಕೆ ಬಂದಳು.

ಎಂಟನೆಯ ದಿನ ಬೆಳಿಗ್ಗೆ ಅವಳಿಗೆ ಉಸಿರಾಡುವುದು ಕಷ್ಟವಾಯಿತು. ಮೂರು ದಿಂಬು ಒರಗಿಸಿದರೂ ಎದೆಯೊಳಗೆ ನೀರು ಗುಳುಗುಳು ಎನ್ನುತ್ತಿತ್ತು. ಅದನ್ನು ನೋಡಲಾರದೆ ಅವನು ದಡಕ್ಕೆ ಓಡಿ, ಮೇಸ್ತ್ರಿಗೆ ಒಯ್ಯದೇ ಉಳಿದಿದ್ದ ದೋಣಿಯಲ್ಲಿ ಹಾಸಿಗೆ ಬಿಚ್ಚಿ, ಎಂಜಿನ್ನು ಶುರು ಮಾಡಿ ಬಂದ. ಅವಳನ್ನು ಎತ್ತಿಕೊಳ್ಳಲು ಬಗ್ಗಿದಾಗ ಹೆಂಡತಿ ಅವನ ತೋಳು ಹಿಡಿದಳು.

"ಬೇಡ ಅಂದಿದ್ದಾರಲ್ರೀ ಅವರು."

"ಬಿಡು ನನ್ನನ್ನ. ಅರ್ಧ ಗಂಟೇಲಿ ಮುಟ್ಟಿಸ್ತೀನಿ."

"ಒಂದು ಸಲ ಅವರನ್ನೇ ಕೇಳಿ. ಈ ಸಲನಾದ್ರೂ ಕೇಳಿ, ಕೇಳಿಸ್ಕೊಳ್ಳಿ."

ಅವನು ಮಂಚದ ಅಂಚಿಗೆ ಮುಖ ತಂದು ಕೇಳಿದ. ಅಕ್ಕ ಕಣ್ಣು ಬಿಟ್ಟು, ಇಲ್ಲ ಎಂದು ತಲೆಯಾಡಿಸಿದಳು. ಅವನು ಕಾದ. ಅವಳು ಇನ್ನೊಮ್ಮೆ ತಲೆಯಾಡಿಸಿದಳು.

ಉಸಿರಿನ ಸಂಕಟ ತಗ್ಗಿಸುವ ಹನಿ ಔಷಧಿ ಇದೆ, ಬೇಕಾದಾಗ ಬಂದು ತೆಗೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವನೊಬ್ಬನೇ ಹೊರಟ. ದೋಣಿ ಹಗುರಾಗಿತ್ತು. ಹಿಡಿಕೆಯನ್ನು ಪೂರ್ತಿ ಮುಂದಕ್ಕೆ ತಳ್ಳಿದ. ಇಷ್ಟು ವರ್ಷದಲ್ಲಿ ಅದು ಹಾಗೆ ಓಡಿರಲಿಲ್ಲ. ಅಲೆಯ ನೆತ್ತಿಯನ್ನಷ್ಟೇ ಮುಟ್ಟುತ್ತ, ಬೆನ್ನ ಹಿಂದೆ ನೀರನ್ನು ಎರಡು ರೆಕ್ಕೆಯಾಗಿ ಹರಿದು ಹಾಕುತ್ತ ಓಡಿತು. ನಡುನೀರಿನಲ್ಲಿ ಒಂದು ಗಳಿಗೆ ಅವನಿಗೆ ಎಲ್ಲ ಮರೆತುಹೋಯಿತು. ಎದೆ ತುಂಬಿ ಬಂದು, ಖುಷಿಯಾಯಿತು. ಆಮೇಲೆ ಮನೆಯಲ್ಲಿನ ಗುಳುಗುಳು ಸದ್ದು ನೆನಪಾಗಿ ತನ್ನ ಮೇಲೆಯೇ ಹೇಸಿಗೆಯಾಯಿತು. ಇಪ್ಪತ್ತೆಂಟು ನಿಮಿಷಕ್ಕೆ ಆ ದಡ. ನರ್ಸು ಸೀಸೆ ಕೈಗಿಟ್ಟು, ನಾಲಗೆಯ ಕೆಳಗೆ ಎಷ್ಟು ಹನಿ ಹಾಕಬೇಕೆಂದು ಎರಡು ಸಲ ಹೇಳಿಸಿ ಕಳಿಸಿದಳು. ಇಪ್ಪತ್ತೊಂಬತ್ತು ನಿಮಿಷಕ್ಕೆ ಈ ದಡ.

ಹನಿ ಬಿದ್ದ ಸ್ವಲ್ಪ ಹೊತ್ತಿಗೆ ಅಕ್ಕನ ಹಣೆಯ ಗಂಟು ಸಡಿಲವಾಯಿತು. "ಇಷ್ಟು ಬೇಗ ಬಂದ್ಯಾ?" ಎಂದಳು. ಅವಳಾಡಿದ ಕೊನೆಯ ಮಾತು ಅದೇ ಎಂದು ಅವನು ಹೇಳುತ್ತಾನೆ. ಮಾರನೆಯ ದಿನ ತನ್ನ ಹತ್ತಿರ ನೀರು ಕೇಳಿದ್ದಳು ಎನ್ನುತ್ತಾಳೆ ಹೆಂಡತಿ. ಇನ್ನೂ ಎರಡು ದಿನ ಇದ್ದು, ಮಧ್ಯಾಹ್ನದ ಹೊತ್ತು, ಇಬ್ಬರೂ ಪಕ್ಕದಲ್ಲಿರುವಾಗಲೇ ಹೋದಳು.

ಮೇಸ್ತ್ರಿ ಬಂದು ಒಂದು ಗಂಟೆ ಕೂತಿದ್ದು, ಹೊರಡುವಾಗ ಅಂದ, "ಹಲಗೆ ತಗ್ಗಿಸಬೇಕು ಅಂದಿದ್ಯಲ್ಲ. ಯಾವಾಗ ಬೇಕಾದ್ರೂ ತಾ. ನಿನ್ನ ಹಳೇ ಎಂಜಿನ್ ಹಾಗೇ ಇಟ್ಟಿದ್ದೀನಿ."

"ಇನ್ಯಾಕೆ ಮೇಸ್ತ್ರಿ" ಎಂದ ದೋಣಿಯವನು.

ರಜೆಯ ದಿನಗಳು ಬಂದವು. ನೀರು ನೋಡಲು ಬರುವವರ ಬಾಯಲ್ಲಿ ಅವನ ದೋಣಿ ಹೆಸರಾಯಿತು. ದಡದಲ್ಲಿ ಬೇರೆ ದೋಣಿಗಳು ಖಾಲಿ ನಿಂತಿದ್ದರೂ ಜನ ಅವನದಕ್ಕೇ ಸಾಲುಗಟ್ಟಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಅವನು ನಡುಗಡ್ಡೆ ಸುತ್ತಿ ಬರುತ್ತಾನೆ. ದೋಣಿ ಎಗರಿ ಬಡಿದಾಗೆಲ್ಲ ಹಿಂದಿನ ಸೀಟಿನಲ್ಲಿ ಕೂತವರು ಕಿರುಚಿ ನಗುತ್ತಾರೆ, ಇನ್ನೂ ಜೋರು, ಇನ್ನೂ ಜೋರು ಎನ್ನುತ್ತಾರೆ. ಅವನು ಹಿಂದಿರುಗಿ ನೋಡದೆ ಹಿಡಿಕೆ ತಳ್ಳುತ್ತಾನೆ. ಸೋಮವಾರ, ಬುಧವಾರ, ಶುಕ್ರವಾರ ಈಗಲೂ ಐದಕ್ಕೇ ಎಚ್ಚರವಾಗುತ್ತದೆ. ಎದ್ದು ಏನು ಮಾಡಬೇಕೆಂದು ತಿಳಿಯದೆ ಹಾಸಿಗೆಯಲ್ಲೇ ಕೂತಿರುತ್ತಾನೆ. ಹೆಂಡತಿ ಎದ್ದು ದೀಪ ಹಾಕುವವರೆಗೂ ಹಾಗೇ ಕೂತಿರುತ್ತಾನೆ.